ಸಹಾಯ ಬೇಕು: ಅಜ್ಜನ ಆರಾಮ ಕುರ್ಚಿ ಫ್ಲಾಟಿನಲ್ಲಿ ಎಲ್ಲಿಡಲಿ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹಳೇ ಮನೆ ಖಾಲಿ ಮಾಡಿ ಅಮ್ಮನನ್ನು ಬೆಂಗಳೂರಿಗೆ ಕರ್ಕೊಂಡು ಬಂದಿದ್ದೇವೆ. ಜೊತೆಗೆ ಅಜ್ಜನ ಬೀಟೆ ಮರದ ಆರಾಮ ಕುರ್ಚಿಯೂ ಬಂದಿದೆ. ಕೈಯಿಡುವ ಜಾಗ ಸವೆದು ಸವೆದು ಕನ್ನಡಿ ಥರ ನುಣುಪಾಗಿದೆ. ಬೆತ್ತದ ಹೆಣಿಗೆ ಮಾತ್ರ ನಡುವೆ ಹರಿದಿದೆ. ಪ್ಲಾಸ್ಟಿಕ್ ವೈರ್ ಹಾಕಿಸಿ ಅಂತಾರೆ, ನನಗೆ ಮನಸ್ಸಿಲ್ಲ. ಬೆತ್ತವಾದರೆ ಬೆನ್ನಿಗೆ ಗಾಳಿಯಾಡುತ್ತೆ, ಕೂತಷ್ಟೂ ಮೈಗೆ ಒಗ್ಗುತ್ತೆ. ಬೆತ್ತ ನೆನೆಸಿ ಕೈಯಲ್ಲೇ ಹೆಣೆಯುವವರು ಜಯನಗರ, ಬಸವನಗುಡಿ ಕಡೆ ಯಾರಾದ್ರೂ ಗೊತ್ತಾ?

ಇನ್ನೊಂದು ವಿಷಯ. ಹಾಲ್ 10 ಅಡಿಗೆ 14 ಅಡಿ. ಪಶ್ಚಿಮದ ಕಿಟಕಿ ಪಕ್ಕ ಇಟ್ಟರೆ ಅಮ್ಮನಿಗೆ ರಸ್ತೆ ಕಾಣುತ್ತೆ, ಆದರೆ ಸಂಜೆ ಬಿಸಿಲಿಗೆ ಪಾಲಿಶ್ ಹಾಳಾಗುತ್ತೆ. ಜಾಗಕ್ಕೋಸ್ಕರ ದೊಡ್ಡ ಸೋಫಾ ಯಾರಿಗಾದರೂ ಕೊಟ್ಟುಬಿಡೋದಕ್ಕೂ ರೆಡಿ. ಇಂಥ ಕುರ್ಚಿ ಇರೋರು ಹೇಗೆ ಜೋಡಿಸಿದ್ದೀರಿ? ಫೋಟೋ ಹಾಕಿದ್ರೆ ತುಂಬಾ ಉಪಕಾರ.