ರಿಂಗರ್ ವಾಷಿಂಗ್ ಮಷೀನ್: ಮೋಟಾರ್ ತಿರುಗುತ್ತಿಲ್ಲ

ಪ್ರಶ್ನೆ: ಎರಡು ರಬ್ಬರ್ ರೋಲರ್‌ಗಳ ನಡುವೆ ಬಟ್ಟೆ ಹಿಂಡುವ ಹಳೆಯ ಯಂತ್ರವೊಂದು ನನ್ನ ಸಂಗ್ರಹಕ್ಕೆ ಸೇರಿದೆ. ಮೋಟಾರ್ ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ. ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ 1: ದಯವಿಟ್ಟು ಮತ್ತೆ ವಿದ್ಯುತ್ ಕೊಡಬೇಡಿ, ತಿರುಗದ ಮೋಟಾರಿನ ಸುರುಳಿ ಬೇಗನೆ ಸುಟ್ಟುಹೋಗುತ್ತದೆ. ಪ್ಲಗ್ ತೆಗೆದು, ಮೋಟಾರನ್ನು ಗೇರ್ ಪೆಟ್ಟಿಗೆಯಿಂದ ಬೇರ್ಪಡಿಸಿ, ದಂಡವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ, ವೇಗ ಬಂದ ಮೇಲೆ ಆರಂಭದ ಸುರುಳಿಯನ್ನು ಕಡಿತಗೊಳಿಸುವ ಒಳಗಿನ ಸ್ವಿಚ್ಚಿನ ಸಂಪರ್ಕ ಬಿಂದುಗಳು ಕಪ್ಪಾಗಿರುವ ಸಾಧ್ಯತೆಯೇ ಹೆಚ್ಚು.

ಉತ್ತರ 2: ಗೇರ್ ಪೆಟ್ಟಿಗೆಯಲ್ಲಿ ಗ್ರೀಸ್ ಗಟ್ಟಿಯಾಗಿದೆಯೇ ಎಂಬುದನ್ನೂ ನೋಡಿ. ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗುವಂತಿದ್ದರೆ, ಅದು ಎಷ್ಟೇ ಮೂಲದ್ದಾಗಿರಲಿ, ಬದಲಿಸಿ ಅರ್ಥಿಂಗ್ ಕೊಡಲೇಬೇಕು.

ಉತ್ತರ 3: ಬೆರಳು ಸಿಕ್ಕಿಕೊಂಡಾಗ ರೋಲರ್‌ಗಳನ್ನು ಬಿಡಿಸುವ ಸುರಕ್ಷತಾ ಹಿಡಿಕೆಯನ್ನು ಬಳಕೆಗೆ ಮುನ್ನ ಪರೀಕ್ಷಿಸಿ. ಎತ್ತಿಡುವಾಗ ಒತ್ತಡ ಸಡಿಲಿಸಿದರೆ ರಬ್ಬರ್ ಚಪ್ಪಟೆಯಾಗುವುದಿಲ್ಲ.