ಪದ ಬೇಕಾಗಿದೆ: ಹಳೆಯ ಎಂಜಿಬಿ ಕಾರಿನ ಬ್ಯಾಟರಿ ಫಲಕಕ್ಕೆ ‘ಪಾಸಿಟಿವ್ ಅರ್ತ್’

ಪ್ರಶ್ನೆ, ಬೆಂಗಳೂರಿನಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬೋರ್ಡು ಬರೆಯುವವರು ಬರುತ್ತಾರೆ, ಅಷ್ಟರೊಳಗೆ ನನಗೆ ಒಂದು ಪದ ಬೇಕು.

ನನ್ನ ಸೋದರಮಾವನವರ ಬಳಿ 1965ರ ಎಂಜಿಬಿ ಸ್ಪೋರ್ಟ್ಸ್ ಕಾರು ಇದೆ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ ಇದು. ಇದರ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ. ಸೀಟುಗಳ ಹಿಂದೆ ಕಾರ್ಪೆಟ್ಟು ಸರಿಸಿ ಮುಚ್ಚಳ ತೆಗೆದರೆ, ಗಾಲಿಗಳಿಗೆ ಬಲ ಒಯ್ಯುವ ಶಾಫ್ಟಿನ ಎಡಕ್ಕೊಂದು ಬಲಕ್ಕೊಂದು 6 ವೋಲ್ಟಿನ ಬ್ಯಾಟರಿಗಳು ಕಾಣುತ್ತವೆ. ಎರಡನ್ನೂ ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಪಡೆಯಲಾಗಿದೆ. ಎರಡನ್ನೂ ಈಗ ಬದಲಿಸಬೇಕಾಗಿದೆ.

ಇಂದಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. 1967ರ ಕೊನೆಗೆ ಎರಡನೆಯ ಆವೃತ್ತಿ ಬರುವವರೆಗಿನ ಎಂಜಿಬಿಗಳಲ್ಲಿ ಪ್ಲಸ್ ತುದಿಯೇ ಮೈಗೆ ಸೇರಿದೆ. ಯಾವ ಕಾರಿನಲ್ಲಾದರೂ ಮೈಗೆ ಸೇರಿದ ಕೇಬಲನ್ನು ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು. ಇಲ್ಲದಿದ್ದರೆ ಇನ್ನೊಂದು ತುದಿಯನ್ನು ಬಿಚ್ಚುತ್ತಿರುವಾಗ ಸ್ಪ್ಯಾನರು ಪಕ್ಕದ ತಗಡಿಗೆ ತಗುಲಿದೊಡನೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ನಮ್ಮ ಮೆಕ್ಯಾನಿಕ್ಕರ ಕೈಗೆ ‘ಮೈನಸ್ ಮೊದಲು’ ಎಂಬುದು ಅಭ್ಯಾಸವಾಗಿದೆ, ಈ ಕಾರಿನಲ್ಲಿ ಅದೇ ತಪ್ಪು. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಬ್ಯಾಟರಿಯನ್ನೇ ತಿರುಗುಮುರುಗಾಗಿ ಜೋಡಿಸಿದ್ದರಿಂದ ಇಂಜಿನ್ನಿನ ಸುತ್ತು ತೋರಿಸುವ ಮೀಟರು ಹಾಳಾಯಿತು. ಆದ್ದರಿಂದ ಮುಚ್ಚಳದ ಒಳಬದಿಯಲ್ಲಿ ಒಂದು ಕನ್ನಡ ಫಲಕವಿರಬೇಕೆಂದು ಮಾವನವರು ಬಯಸಿದ್ದಾರೆ.

ಹೀಗೆ ಪ್ಲಸ್ ತುದಿ ಮೈಗೆ ಸೇರಿರುವುದನ್ನು ಇಂಗ್ಲಿಷಿನಲ್ಲಿ ‘ಪಾಸಿಟಿವ್ ಅರ್ತ್’ ಎನ್ನುತ್ತಾರೆ. ಅದನ್ನು ನಾನು ‘ಧನ ಭೂಸಂಪರ್ಕ’ ಎಂದು ಬರೆದೆ. ಅದನ್ನು ಓದಿದ ಹುಡುಗನೊಬ್ಬ, “ಹಾಗಾದರೆ ತಂತಿಯನ್ನು ಮಣ್ಣಿಗೆ ಇಳಿಸಬೇಕೇ?” ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದು. ದಯವಿಟ್ಟು ಸರಿಯಾದ ಪದ ತಿಳಿಸಿ.

ಉತ್ತರ, ಧಾರವಾಡದಿಂದ:

‘ಧನ’ವೂ ಬೇಡ, ‘ಭೂ’ವೂ ಬೇಡ, ‘ಸಂಪರ್ಕ’ವೂ ಬೇಡ. ಮೂರೂ ಸಂಸ್ಕೃತ. ಲೆಕ್ಕದಲ್ಲಿ ನಮ್ಮ ಮಕ್ಕಳು ‘ಕೂಡು’, ‘ಕಳೆ’ ಎಂದೇ ಕಲಿಯುತ್ತಾರೆ. ಅದರಂತೆ ‘ಕೂಡುತುದಿ’, ‘ಕಳೆತುದಿ’ ಎಂದರೆ ಸಾಕು. ಅರ್ತ್ ಎಂಬುದಕ್ಕೆ ‘ನೆಲ’ ಇದೆ, ತೆಲುಗಿನ ‘ನೇಲ’, ತಮಿಳಿನ ‘ನಿಲಂ’ ಅದರ ಒಡಹುಟ್ಟುಗಳು. ‘ಕೂಡುನೆಲದ ಬಂಡಿ’ ಎಂದು ಬರೆಸಿ. ‘ಧನನೆಲ’ ಎಂದು ಮಾತ್ರ ಯಾರೂ ಸೂಚಿಸದಿರಲಿ, ಅದು ಅರಿಸಮಾಸ.

‘ಬ್ಯಾಟರಿ’ಯೂ ಉಳಿಯಬೇಕಾಗಿಲ್ಲ. ಬಡಿಯುವುದು ಎಂಬರ್ಥದ ಫ್ರೆಂಚ್ ಮೂಲದಿಂದ ಬಂದು, ತೋಪುಗಳ ಸಾಲಿಗೆ ಹೆಸರಾಗಿ, ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಕೂಡಿಡುವ ಲೇಡನ್ ಜಾಡಿಗಳ ಸಾಲಿಗೆ ಅದನ್ನು ಬಳಸಿದ ಮೇಲೆ ವಿದ್ಯುತ್ತಿಗೆ ಅಂಟಿಕೊಂಡ ಪದವದು. ಬಡಿತಕ್ಕೂ ತೋಪಿಗೂ ಸಂಬಂಧವಿಲ್ಲದ ಪೆಟ್ಟಿಗೆಗೆ ಅದೇ ಹೆಸರು ಏಕೆ? ‘ಮಿಂಚುಕಣಜ’ ಎನ್ನಿ, ಕೂಡಿಟ್ಟು ಬೇಕಾದಾಗ ತೆಗೆಯುವ ಕೆಲಸವನ್ನು ಅದು ನೇರವಾಗಿ ಹೇಳುತ್ತದೆ.

ಉತ್ತರ, ಮೈಸೂರಿನಿಂದ:

‘ಕಳೆತುದಿ’ಯನ್ನು ಒಪ್ಪಲಾಗದು. ಯಾವ ತುದಿಯನ್ನು ಮೊದಲು ಬಿಚ್ಚಬೇಕೆಂದು ತಿಳಿಸುವ ಫಲಕದಲ್ಲಿ ‘ಕಳೆತುದಿ’ ಎಂದು ಬರೆದರೆ, ಕಳೆಯಬೇಕಾದ ತುದಿ, ಅಂದರೆ ತೆಗೆಯಬೇಕಾದ ತುದಿ ಎಂದೇ ಯಾರಾದರೂ ಓದುತ್ತಾರೆ. ಹಾಗೆ ಓದಿದವನು ಮೈನಸ್ಸಿಗೇ ಮೊದಲು ಕೈ ಹಾಕುತ್ತಾನೆ.

ಧನ, ಋಣಗಳನ್ನು ಪರಕೀಯವೆಂದು ಹೊರದೂಡುವವರು ಅವುಗಳ ವಯಸ್ಸನ್ನು ನೋಡಬೇಕು. 628ರಲ್ಲಿ ಬ್ರಹ್ಮಗುಪ್ತನು ಆಸ್ತಿ ಮತ್ತು ಸಾಲ ಎಂಬರ್ಥದ ಈ ಜೋಡಿಯಿಂದಲೇ ಸೊನ್ನೆಯ ಆಚೀಚಿನ ಸಂಖ್ಯೆಗಳ ನಿಯಮಗಳನ್ನು ಹೇಳಿದನು. ಒಂಬತ್ತನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಬರೆದನು. ಈ ನೆಲದಲ್ಲಿ ಸಾವಿರ ವರ್ಷ ಲೆಕ್ಕ ಮಾಡಿದ ಪದಗಳು ನಮ್ಮವಲ್ಲವೆಂದರೆ ನಮ್ಮದೆನ್ನಲು ಇನ್ನೇನು ಉಳಿಯುತ್ತದೆ? ‘ಭೂಸಂಪರ್ಕ ತಂತಿ’ ಶಾಲೆಯ ಪಠ್ಯಪುಸ್ತಕದಲ್ಲಿದೆ. ಹುಡುಗನಿಗೆ ತಿಳಿಯದಿದ್ದರೆ ಹುಡುಗನಿಗೆ ಹೇಳಿಕೊಡಬೇಕು, ಪದವನ್ನು ಬದಲಿಸಬಾರದು.

ಉತ್ತರ, ಹುಬ್ಬಳ್ಳಿಯಿಂದ:

ಮೂವತ್ತು ವರ್ಷ ವಾಹನ ದುರಸ್ತಿ ಕಲಿಸಿದವನಾಗಿ ಹೇಳುತ್ತೇನೆ: ‘ಭೂ’ ಮತ್ತು ‘ನೆಲ’ ಎರಡೂ ಇಲ್ಲಿ ತಪ್ಪು, ಏಕೆಂದರೆ ಈ ಜೋಡಣೆಯಲ್ಲಿ ಭೂಮಿಗೆ ಪಾತ್ರವೇ ಇಲ್ಲ. ಕಾರು ರಬ್ಬರಿನ ಟೈರುಗಳ ಮೇಲೆ ನಿಂತಿದೆ. 1838ರಲ್ಲಿ ಜರ್ಮನಿಯ ಶ್ಟೈನ್‌ಹೈಲ್ ಟೆಲಿಗ್ರಾಫಿಗೆ ಮರಳುವ ತಂತಿ ಬೇಕಿಲ್ಲ, ನೆಲವೇ ಆ ಕೆಲಸ ಮಾಡುತ್ತದೆ ಎಂದು ತೋರಿಸಿದನು; ಅಲ್ಲಿ ‘ಅರ್ತ್’ ನಿಜವಾಗಿಯೂ ಮಣ್ಣು. ಕಾರಿನಲ್ಲಿ ಮರಳುವ ದಾರಿಯಾಗಿರುವುದು ಉಕ್ಕಿನ ಬಾಡಿ, ಇಂಗ್ಲಿಷ್ ಹಳೆಯ ಹೆಸರನ್ನೇ ಅದಕ್ಕೂ ಉಳಿಸಿಕೊಂಡಿದೆ. ಫ್ರೆಂಚರೂ ಜರ್ಮನರೂ ಹಾಗೆ ಮಾಡಲಿಲ್ಲ. ಮನೆಯ ವಯರಿಂಗಿನಲ್ಲಿ ಮಣ್ಣಿಗಿಳಿದ ತಂತಿಗೆ ಒಂದು ಪದ, ವಾಹನದ ಲೋಹಕ್ಕೆ ‘ಮಾಸ್’, ‘ಮಾಸ್ಸೆ’ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ. ಆ ಹುಡುಗ ಕೇಳಿದ್ದು ಇದೇ ವ್ಯತ್ಯಾಸವನ್ನು. ಅವನಿಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ.

ಇನ್ನೊಂದು ಅಪಾಯವನ್ನು ಇಲ್ಲಿ ಯಾರೂ ಗಮನಿಸಿಲ್ಲ. ‘ಅರ್ತ್’ ಪದವನ್ನೇ ಬಿಟ್ಟು ‘ಪ್ಲಸ್ ಮೊದಲು ಬಿಚ್ಚಿ’ ಎಂದು ಬರೆದು ಮುಗಿಸೋಣವೆಂದು ತೋರಬಹುದು. ಈ ಕಾರಿನಲ್ಲಿ ಎರಡು ಬ್ಯಾಟರಿಗಳಿರುವುದರಿಂದ ಪ್ಲಸ್ ತುದಿಗಳೂ ಎರಡು. ಒಂದು ಬಾಡಿ ಸೇರುತ್ತದೆ; ಇನ್ನೊಂದು ಜೋಡುಕೇಬಲಿನ ಮೂಲಕ ಮೊದಲನೆಯ ಬ್ಯಾಟರಿಯ ಮೈನಸ್ಸನ್ನು ಸೇರುತ್ತದೆ. ಬಾಡಿಯ ಹೆಸರು ಹೇಳದೆ ಬರೀ ಪ್ಲಸ್ ಎಂದರೆ ಅರ್ಧದಷ್ಟು ಸಲ ತಪ್ಪು ಕೇಬಲಿಗೇ ಸ್ಪ್ಯಾನರು ಹೋಗುತ್ತದೆ. ಆದ್ದರಿಂದ ‘ಬಾಡಿಗೆ ಪ್ಲಸ್’ ಎಂದು ಬರೆಯಿರಿ. ಯಾವ ಗ್ಯಾರೇಜಿನಲ್ಲಾದರೂ ‘ಬಾಡಿ ಅರ್ತ್’ ಎಂದೇ ಮಾತಾಡುತ್ತಾರೆ.

ಉತ್ತರ, ಧಾರವಾಡದಿಂದ:

‘ಬಾಡಿಗೆ ಪ್ಲಸ್’ ಎಂದರೆ ಕಾರನ್ನು ಬಾಡಿಗೆಗೆ ಕೊಡುವವರ ಬೋರ್ಡು ಎಂದು ಓದುತ್ತಾರೆ. ಎರವಲು ಪದಕ್ಕೆ ನಮ್ಮ ವಿಭಕ್ತಿ ಹಚ್ಚಿದಾಗ ನಮ್ಮದೇ ಪದದ ಮೇಲೆ ಅದು ಹೀಗೆ ಬಂದು ಬೀಳುತ್ತದೆ. ‘ಅರ್ಥ್’ ಎಂದು ಮಹಾಪ್ರಾಣ ಹಾಕಿ ಬರೆಯುವವರದೂ ಇದೇ ಕಥೆ: ‘ಧನ ಅರ್ಥ್’ ಎಂಬಲ್ಲಿ ಎರಡೂ ಹಣವೆಂದೇ ಕಾಣುತ್ತದೆ. ಭೂಮಿಯ ಮಾತನ್ನು ನಾನು ಒಪ್ಪುತ್ತೇನೆ, ‘ನೆಲ’ವನ್ನು ಹಿಂತೆಗೆದುಕೊಂಡಿದ್ದೇನೆ. ‘ಒಡಲು’ ಬಳಸಿ: ‘ಒಡಲಿಗೆ ಕೂಡುತುದಿ’. ಬಾಡಿ, ಪ್ಲಸ್, ಬ್ಯಾಟರಿ, ಕೇಬಲ್ ಎಂದು ಎಲ್ಲವನ್ನೂ ಹೊರಗಿನಿಂದ ತಂದರೆ ಫಲಕದಲ್ಲಿ ಕನ್ನಡವಾಗಿ ಉಳಿಯುವುದು ಕ್ರಿಯಾಪದ ಮಾತ್ರ.

ಉತ್ತರ, ಹುಬ್ಬಳ್ಳಿಯಿಂದ:

ವಿಭಕ್ತಿಯ ವಿಷಯದಲ್ಲಿ ತಮ್ಮ ಮಾತು ಸರಿ, ತಿದ್ದಿಕೊಳ್ಳುತ್ತೇನೆ. ಎರವಲಿನ ವಿಷಯದಲ್ಲಿ ಸರಿಯಲ್ಲ. ಈ ಕಾರನ್ನು ಚಾಲೂ ಮಾಡುವ ವಸ್ತುವನ್ನು ನೀವೂ ನಾನೂ ‘ಚಾವಿ’ ಎನ್ನುತ್ತೇವೆ. ಅದು ಪೋರ್ಚುಗೀಸರಿಂದ ಬಂತು, ‘ಚಾಲೂ’ ಹಿಂದಿ ಮರಾಠಿಗಳ ಕಡೆಯಿಂದ ಬಂತು, ಎರಡನ್ನೂ ಯಾರೂ ತಡೆಯಲಿಲ್ಲ. ‘ಒಡಲು’ ಚೆಂದದ ಪದವೇ, ಆದರೆ ಅದು ಹೊಟ್ಟೆಯನ್ನೂ ಸೂಚಿಸುತ್ತದೆ. ಬ್ಯಾಟರಿಯ ಪಕ್ಕದಲ್ಲಿ ‘ಒಡಲು’ ಎಂದು ಓದಿದವನು ಬ್ಯಾಟರಿಯದೇ ಪೆಟ್ಟಿಗೆ ಎಂದುಕೊಳ್ಳುವುದಿಲ್ಲವೆಂದು ತಾವು ಹೇಳಬಲ್ಲಿರಾ? ಆಸಿಡ್ಡಿನ ಪಕ್ಕದಲ್ಲಿ ಕೈ ಇಟ್ಟವನಿಗೆ ಪದವನ್ನು ಬಿಡಿಸಿ ನೋಡುವ ಸಮಯವಿರುವುದಿಲ್ಲ.

ಉತ್ತರ, ಮೈಸೂರಿನಿಂದ:

ಪಠ್ಯಪುಸ್ತಕದಲ್ಲಿ ‘ಭೂಸಂಪರ್ಕ’ ಮನೆಯ ವಿದ್ಯುತ್ ಮಂಡಲದ ಪಾಠದಲ್ಲಿದೆ. ವಾಹನಕ್ಕೆ ಅದನ್ನು ಹಿಗ್ಗಿಸಬೇಕೆಂದು ನಾನಿನ್ನು ಹಟ ಹಿಡಿಯುವುದಿಲ್ಲ. ಧನ, ಋಣಗಳನ್ನು ಮಾತ್ರ ಬಿಟ್ಟುಕೊಡಲಾರೆ.

ಪ್ರಶ್ನೆ ಕೇಳಿದವರಿಂದ, ಬೆಂಗಳೂರಿನಿಂದ:

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿ ಮಾವನವರೊಂದಿಗೆ ಕುಳಿತು, ಮುಚ್ಚಳ ತೆಗೆದು, ಒಂದೊಂದು ಕೇಬಲನ್ನೂ ಬೆರಳಿಟ್ಟು ಹಿಂಬಾಲಿಸಿ ನೋಡಿದೆ. ಪ್ಲಸ್ ತುದಿಗಳು ಎರಡೆಂಬ ಎಚ್ಚರಿಕೆ ಬಾರದಿದ್ದರೆ ನಾನು ‘ಪ್ಲಸ್ ಮೊದಲು’ ಎಂದೇ ಬರೆಸಿಬಿಡುತ್ತಿದ್ದೆ. ಧನ, ಋಣ ಎಂದು ಬರೆಯಲಿಲ್ಲ. ಬ್ಯಾಟರಿಯ ತುದಿಯ ಪಕ್ಕದಲ್ಲಿ ಎದ್ದು ಕಾಣುವುದು ಕೂಡುವ ಗುರುತು, ಅದನ್ನೇ ಫಲಕದಲ್ಲೂ ಹಾಕಿಸುತ್ತೇನೆ. ‘ಬಾಡಿ’ಗೆ ಯಾವ ವಿಭಕ್ತಿಯೂ ಹತ್ತದಂತೆ ವಾಕ್ಯವನ್ನು ಕಟ್ಟಿದ್ದೇನೆ. ಬೋರ್ಡು ಬರೆಯುವವರಿಗೆ ಕೊಟ್ಟಿರುವುದು ಇದು:

“ಎಚ್ಚರಿಕೆ. ಈ ಕಾರಿನ ಬಾಡಿ ಪ್ಲಸ್ (+). 6 ವೋಲ್ಟಿನ ಎರಡು ಬ್ಯಾಟರಿಗಳಿವೆ. ಬಿಚ್ಚುವಾಗ ಬಾಡಿ ಸೇರಿದ ಕೇಬಲನ್ನು ಮೊದಲು ಬಿಚ್ಚಿ. ಹಾಕುವಾಗ ಅದನ್ನು ಕೊನೆಗೆ ಕಟ್ಟಿ.”

ಬೆಳಿಗ್ಗೆ ಆ ಹುಡುಗನ ಕೈಗೆ ಚೀಟಿ ಕೊಟ್ಟು, ಯಾವ ಕೇಬಲ್ ಎಂದು ಕೇಳಿದೆ. ಅವನು ಎರಡೂ ಬ್ಯಾಟರಿಗಳನ್ನು ನೋಡಿ, ತಗಡಿಗೆ ಬೋಲ್ಟಾಗಿದ್ದ ಕೇಬಲನ್ನು ಮುಟ್ಟಿ ತೋರಿಸಿದ.

ಉತ್ತರ, ಧಾರವಾಡದಿಂದ:

‘ಬಿಚ್ಚಿ’, ‘ಕಟ್ಟಿ’ ಸರಿಯಾಗಿವೆ. ‘ಎಚ್ಚರಿಕೆ’ಯ ಮುಂದೆ ಚುಕ್ಕೆ ಬೇಡ, ಅದನ್ನು ಪ್ರತ್ಯೇಕ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ.