ಜುನಾ ಬಜಾರಿನ ವಾಘನಖ ಎಷ್ಟು ಹಳೆಯದು?

ಪ್ರಶ್ನೆ (ಕೋಥ್ರೂಡಿನ ಸದಸ್ಯರು): ಮೇಡಂ, ನಮಸ್ಕಾರ. ಪುಣೆಯ ಜುನಾ ಬಜಾರಿನಲ್ಲಿ ನಾಲ್ಕು ಉಗುರುಗಳ ಕಬ್ಬಿಣದ ವಾಘನಖವೊಂದನ್ನು (ಹುಲಿಯುಗುರಿನಾಕಾರದ ಕೈಯಾಯುಧ) ಕೊಂಡಿದ್ದೇನೆ. ಶಿವಾಜಿ ಮಹಾರಾಜರ ಕಾಲದ್ದೆಂದು ಮಾರಿದವರು ಹೇಳಿದರು. ಹುಣಸೆಹಣ್ಣು ಹಾಕಿ ತಿಕ್ಕಿ ತುಕ್ಕು ತೆಗೆಯಬಹುದೇ? ಕಾಲವನ್ನು ತಿಳಿಯುವ ಬಗೆ ಹೇಗೆ? ಚಿತ್ರಗಳನ್ನು ಹಾಕಿದ್ದೇನೆ.

ಉತ್ತರ (ಹಳೆಯ ಶಸ್ತ್ರಗಳ ಸಂರಕ್ಷಕಿ): ನಮಸ್ಕಾರ. ಹಳೆಯ ಕಬ್ಬಿಣದ ಯಾವ ವಸ್ತುವಿಗೂ ಹುಣಸೆಹಣ್ಣು ತಾಗಿಸಬೇಡಿ. ಹುಳಿಯು ತುಕ್ಕಿನೊಡನೆ ಲೋಹವನ್ನೂ ತಿನ್ನುತ್ತದೆ, ಕಾಲನಿರ್ಣಯಕ್ಕೆ ಬೇಕಾದ ಗುರುತುಗಳೂ ಅಳಿಸಿಹೋಗುತ್ತವೆ.

ಎರಡು ತುದಿಯ ಉಂಗುರಗಳಲ್ಲಿ ತೋರುಬೆರಳು ಮತ್ತು ಕಿರುಬೆರಳನ್ನು ತೂರಿಸಿದಾಗ ಪಟ್ಟಿಯು ಅಂಗೈಗೆ ಅಡ್ಡಲಾಗಿ ಕುಳಿತು, ಮುಷ್ಟಿ ಬಿಗಿದರೆ ಉಗುರುಗಳು ಹೊರಗೆ ಕಾಣದಂತೆ ಅಡಗುವುದೇ ಈ ಆಯುಧದ ರಚನೆ. ಆದ್ದರಿಂದ ಬಳಕೆಯಲ್ಲಿದ್ದ ವಾಘನಖದ ಉಂಗುರಗಳ ಒಳಮೈ ಬೆರಳು ತಾಗಿ ನುಣುಪಾಗಿರುತ್ತದೆ. ಹಳೆಯ ತುಕ್ಕು ಗಾಢ ಕಂದು ಬಣ್ಣದ್ದಾಗಿ ಲೋಹಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ಆಮ್ಲ ಬಳಸಿ ಬೇಗ ಹಿಡಿಸಿದ ತುಕ್ಕು ಸಾಮಾನ್ಯವಾಗಿ ಕೆಂಗೇಸರಿಯಾಗಿದ್ದು, ಬೆರಳಾಡಿಸಿದರೆ ಪುಡಿಯಾಗಿ ಕೈಗೆ ಹತ್ತುತ್ತದೆ.

ನಿಮ್ಮ ಮೂರನೆಯ ಚಿತ್ರದಲ್ಲಿ ಎರಡನೆಯ ಉಗುರು ಪಟ್ಟಿಯನ್ನು ಸೇರುವ ಬುಡವನ್ನು ನೋಡಿ. ಅಲ್ಲಿ ಲೋಹ ಕರಗಿ, ಒಂದರ ಮೇಲೊಂದು ಸಣ್ಣ ಅಲೆಗಳಾಗಿ ಹೆಪ್ಪುಗಟ್ಟಿದೆ. ಇದು ವಿದ್ಯುತ್ ವೆಲ್ಡಿಂಗಿನ ಗುರುತು. ಹದಿನೇಳನೆಯ ಶತಮಾನದ ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುತ್ತಿದ್ದರು, ಇಲ್ಲವೇ ರಿವೆಟ್ ಹೊಡೆಯುತ್ತಿದ್ದರು. ಹಾಗಾಗಿ ನಿಮ್ಮದು ಈಚಿನ ಕೆಲಸವೆಂದು ನಿಸ್ಸಂಶಯವಾಗಿ ಹೇಳಬಲ್ಲೆ. ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಮೇಣ ಸವರಿಟ್ಟರೆ ಸಾಕು. ಮೊನೆಗಳು ಚೂಪಾಗಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಪಿಂಪ್ರಿಯ ಸದಸ್ಯರು): ಲಂಡನ್ನಿನಿಂದ ತಂದು ಸಾತಾರಾದಲ್ಲಿ ಪ್ರದರ್ಶಿಸಿದ ವಾಘನಖವು ಅಫ್ಜಲ್ ಖಾನನ ವಧೆಗೆ ಬಳಸಿದ್ದೇ ಹೌದೇ?

ಉತ್ತರ: ಪ್ರತಾಪಗಡದ ತಪ್ಪಲಿನಲ್ಲಿ 1659ರ ನವೆಂಬರ್ 10ರಂದು ನಡೆದ ಶಿವಾಜಿ ಮತ್ತು ಅಫ್ಜಲ್ ಖಾನರ ಭೇಟಿಯ ಬಗ್ಗೆ ಸಂದೇಹವಿಲ್ಲ, ವಾಘನಖ ಮತ್ತು ಬಿಚವಾ ಎಂಬ ಬಾಗಿದ ಕಠಾರಿ ಎರಡನ್ನೂ ಸಭಾಸದನ ಬಖರು (ಶಿವಾಜಿಯ ಚರಿತ್ರೆ ಹೇಳುವ ಹಳೆಯ ಮರಾಠಿ ಗ್ರಂಥ) ಹೆಸರಿಸುತ್ತದೆ. ಆದರೆ ನಿರ್ದಿಷ್ಟವಾಗಿ ಈ ವಸ್ತುವಿನ ಮಾತು ಬೇರೆ. 1818ರ ನಂತರ ಸಾತಾರಾದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಜೇಮ್ಸ್ ಗ್ರಾಂಟ್ ಡಫ್ ಅವರ ಬಳಿ ಇದು ಇತ್ತು. ಅವರ ವಂಶಸ್ಥರಿಂದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಸೇರಿತು. ಸ್ಕಾಟ್ಲೆಂಡಿನಲ್ಲಿ ಮಾಡಿಸಿದ ಅದರ ಪೆಟ್ಟಿಗೆಯ ಮೇಲೆ, ಶಿವಾಜಿಯು ಮೊಘಲ್ ಸೇನಾಪತಿಯನ್ನು ಕೊಂದ ಆಯುಧವೆಂದು ಬರೆದಿದೆ. ಅಫ್ಜಲ್ ಖಾನ ಮೊಘಲರವನಲ್ಲ, ನಮ್ಮ ವಿಜಯಪುರದ ಆದಿಲಶಾಹಿಯ ಸರದಾರ ಎಂಬುದು ನಮ್ಮವರಿಗೆಲ್ಲ ತಿಳಿದದ್ದೇ. ಘಟನೆಗೂ ಗ್ರಾಂಟ್ ಡಫ್ ಅವರಿಗೂ ನಡುವೆ ಸುಮಾರು 160 ವರ್ಷಗಳಿದ್ದು, ಅಷ್ಟು ಕಾಲ ಅದು ಯಾರ ಕೈಯಲ್ಲಿತ್ತೆಂಬುದಕ್ಕೆ ದಾಖಲೆಯ ಸರಪಳಿಯಿಲ್ಲ. ಅದೇ ಆಯುಧವೆಂದು ಖಚಿತಪಡಿಸಲು ಸಾಧ್ಯವಾಗಿಲ್ಲವೆಂದು ಆ ಮ್ಯೂಸಿಯಂ ಸಹ ಸ್ಪಷ್ಟವಾಗಿ ಹೇಳಿದೆ. 2024ರ ಜುಲೈಯಲ್ಲಿ ಬಂದದ್ದೂ ಮೂರು ವರ್ಷಗಳ ಎರವಲಿನ ಮೇಲೆಯೇ. ಹಾಗಿದ್ದರೂ ಅದನ್ನು ಹೋಗಿ ನೋಡಬೇಕೆಂದೇ ನಾನು ಹೇಳುತ್ತೇನೆ, ಏಕೆಂದರೆ ಅಂತಹ ಆಯುಧ ಎಷ್ಟು ಚಿಕ್ಕದೆಂಬುದು ಚಿತ್ರಗಳಲ್ಲಿ ತಿಳಿಯುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು): ಮೈಸೂರು ದಸರೆಯ ವಜ್ರಮುಷ್ಟಿಯೂ ಇದೇ ಬಗೆಯದೇ?

ಉತ್ತರ: ಅಲ್ಲ. ಜಟ್ಟಿಗಳ ವಜ್ರಮುಷ್ಟಿಯಲ್ಲಿ ಮೊನೆಗಳು ಗೆಣ್ಣುಗಳ ಮೇಲೆ, ಎದುರಾಳಿಗೆ ಕಾಣುವಂತೆಯೇ ಇರುತ್ತವೆ. ಅದು ಗುದ್ದುವ ಆಯುಧ. ಕಾಳಗವೂ ಮೊದಲ ರಕ್ತ ಕಂಡೊಡನೆ ನಿಲ್ಲುತ್ತದೆ.